ಜುಟ್ಟಿನ ಮಲ್ಲಿಗೆ ಯಾರಪ್ಪನ ಸೊತ್ತು?

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.’ ಈ ಗಾದೆ ಕೇಳದ ಕನ್ನಡಿಗ ಇಲ್ಲ. ಜೀತದವನು ಹಬ್ಬಕ್ಕೆ ಒಂದು ಬಿಳಿ ಅಂಗಿ ತೊಟ್ಟರೆ ಈ ಗಾದೆ. ಕೂಲಿಯವಳು ಸಂತೆಯಲ್ಲಿ ಒಂದು ಡಜನ್ ಬಳೆ ಇಡಿಸಿಕೊಂಡರೆ ಈ ಗಾದೆ. ಹೊಟ್ಟೆ ತುಂಬಿದವನ ಜುಟ್ಟಿನ ಮಲ್ಲಿಗೆಯ ಮೇಲೆ ಮಾತ್ರ ಯಾವ ಗಾದೆಯೂ ಇಲ್ಲ. ಅದಕ್ಕೆ ಕಾವ್ಯ ಇದೆ. ಅದಕ್ಕೆ ಶೃಂಗಾರ ಎಂದು ಹೆಸರಿದೆ, ರಸಗಳಿಗೆಲ್ಲ ರಾಜ ಎಂಬ ಪಟ್ಟ ಇದೆ, ಲಕ್ಷಣಗ್ರಂಥ ಇದೆ, ಎಂ.ಎ. ತರಗತಿಯಲ್ಲಿ ಪಾಠ ಇದೆ.

ಗಾದೆ ಹುಟ್ಟಿಸಿದವರು ಯಾರು ಎಂದು ಕೇಳುವುದನ್ನು ನಮಗೆ ಕಲಿಸಿದ್ದೇ ದಲಿತ-ಬಂಡಾಯ ಚಳವಳಿ. ಈಗ ಅದೇ ಚಳವಳಿಯ ಕೆಲವು ಹಿರಿಯರ ಬಾಯಲ್ಲಿ ಅದೇ ಗಾದೆ ಕೇಳಿಸುತ್ತಿದೆ. ಅದಕ್ಕೇ ಈ ಬರಹ.

ವಿಷಯ ಇಷ್ಟು. ದೊಡ್ಡಬಳ್ಳಾಪುರ ಕಡೆಯ ಹೆಣ್ಣುಮಗಳೊಬ್ಬಳು ಬರೆದ ಒಂದು ಸಣ್ಣಕತೆ ಕೈಯಿಂದ ಕೈಗೆ ಓಡಾಡುತ್ತಿದೆ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ಕತೆಯಲ್ಲಿ ಇಬ್ಬರು ಹೆಂಗಸರು. ಇಬ್ಬರಿಗೂ ಮೂವತ್ತು ದಾಟಿದೆ. ಇಬ್ಬರೂ ಗಾರ್ಮೆಂಟ್ಸ್‌ನಲ್ಲಿ ಟೈಲರು. ಒಬ್ಬಾಕೆ ಹಟ್ಟಿಯವಳು, ಗಂಡ ಸತ್ತವಳು. ಇನ್ನೊಬ್ಬಾಕೆ ಮಗ್ಗದ ಮನೆಯವಳು, ಗಂಡನ್ನ ಬಿಟ್ಟು ಬಂದವಳು. ಬಾಶೆಟ್ಟಿಹಳ್ಳಿ ಕಡೆ ಒಂದು ಶೀಟಿನ ಮನೆ ಹಿಡಿದು ಒಟ್ಟಿಗೆ ಇದ್ದಾರೆ. ಒಂದು ದಿನ ಒಬ್ಬಳ ಬೆರಳಿಗೆ ಮಿಷನ್ ಸೂಜಿ ಹೊಕ್ಕುತ್ತದೆ. ರಾತ್ರಿ ಇನ್ನೊಬ್ಬಳು ಆ ಬೆರಳನ್ನು ಹಿಡಿದುಕೊಂಡೇ ಮಲಗುತ್ತಾಳೆ. ಬೆಳಗಾಗುವ ಹೊತ್ತಿಗೆ ತಮ್ಮಿಬ್ಬರ ನಡುವೆ ಇರುವುದು ಬರೀ ಗೆಳೆತನವಲ್ಲ ಎಂದು ಇಬ್ಬರಿಗೂ ಗೊತ್ತಾಗಿರುತ್ತದೆ. ಹಾಗಂತ ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಆರೂವರೆ ಬಸ್ಸಿಗೆ ಓಡುತ್ತಾರೆ. ಕತೆ ಮುಗಿಯುತ್ತದೆ. ಮೈ ಬಿಚ್ಚಿ ತೋರಿಸುವ ಒಂದು ಸಾಲೂ ಅದರಲ್ಲಿ ಇಲ್ಲ.

ಇದನ್ನು ನಮ್ಮವರೇ ನಡೆಸುವ ಒಂದು ಪತ್ರಿಕೆಗೆ ಕಳಿಸಿದಳು. ಉತ್ತರ ಬಂತು: ‘ಬರವಣಿಗೆ ಚೆನ್ನಾಗಿದೆ. ಆದರೆ ಇದು ನಮ್ಮ ಹೋರಾಟದ ವಸ್ತು ಅಲ್ಲ. ಕಾರ್ಮಿಕರ ವೇತನದ ಬಗ್ಗೆ, ದೌರ್ಜನ್ಯದ ಬಗ್ಗೆ ಬರೆಯಿರಿ.’ ಇನ್ನೊಬ್ಬ ಹಿರಿಯರಿಗೆ ತೋರಿಸಿದಳು. ಅವರು ನೇರವಾಗಿಯೇ ಅಂದರು: ‘ಒಟ್ಟೆಗಿಲ್ಲದೋರಿಗೆ ಇವೆಲ್ಲ ಯಾಕಮ್ಮ? ಇದು ಬೆಂಗಳೂರಿನ ದೊಡ್ಡೋರ ಖಾಯಿಲೆ.’

ಗೆಳೆಯರೇ, ಈ ಎರಡು ಉತ್ತರಗಳೂ ತಪ್ಪು. ಬರೀ ತಪ್ಪಲ್ಲ, ಅಪಾಯಕಾರಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

*

ಮೊದಲ ಮಾತು. ಕನ್ನಡ ಸಾಹಿತ್ಯದಲ್ಲಿ ಕಾಮ ಎಂದೂ ನಿಷಿದ್ಧವಾಗಿರಲಿಲ್ಲ. ನಿಷಿದ್ಧವಾಗಿದ್ದದ್ದು ನಮ್ಮ ಕಾಮ. ಈ ನಾಡಿನಲ್ಲಿ ನೀರಿಗೆ ಜಾತಿ ಇದೆ, ಸುಡುಗಾಡಿಗೆ ಜಾತಿ ಇದೆ. ಆಸೆಗೂ ಇದೆ.

ಜನ್ನನ ‘ಯಶೋಧರ ಚರಿತೆ’ ನೋಡಿ. 1209ರ ಕಾವ್ಯ. ರಾಣಿ ಅಮೃತಮತಿ ನಡುರಾತ್ರಿ ಆನೆಯ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಗಂಡ ರಾಜ, ಸುಂದರ. ಆದರೂ ಅರಮನೆ ಬಿಟ್ಟು ಮಾವುತನ ಹತ್ತಿರ ಹೋಗುತ್ತಾಳೆ. ಎಂಟುನೂರು ವರ್ಷದ ಹಿಂದೆ ಒಬ್ಬ ಕನ್ನಡ ಕವಿ ಇಂಥ ವಸ್ತು ಎತ್ತಿಕೊಂಡ ಎಂದು ನಮ್ಮ ವಿದ್ವಾಂಸರು ಹೆಮ್ಮೆ ಪಡುತ್ತಾರೆ. ಪಡಲಿ. ಆದರೆ ಆ ಮಾವುತ ಹೇಗಿದ್ದಾನೆ? ಹೆಸರೇ ಅಷ್ಟಾವಂಕ. ಮೈಯೆಲ್ಲ ವಕ್ರ, ನೋಡಿದರೆ ಹೇಸಿಗೆ. ತಡವಾಗಿ ಬಂದಳೆಂದು ರಾಣಿಯನ್ನು ಹೊಡೆಯುತ್ತಾನೆ. ಕೀಳು ಕುಲದ ಗಂಡಿಗೆ ಮೇಲಿನ ಹೆಣ್ಣು ಮನಸೋತಳು ಅಂದರೆ ಆ ಗಂಡು ಕುರೂಪಿಯಾಗಿರಲೇಬೇಕು, ಆ ಆಸೆ ರೋಗವಾಗಿರಲೇಬೇಕು, ಕೊನೆಗೆ ಅವಳು ನರಕಕ್ಕೆ ಹೋಗಲೇಬೇಕು. ಆ ಮಾವುತನಿಗೆ ಹಾಡು ಬರುತ್ತಿತ್ತಲ್ಲ? ಅಷ್ಟು ಚೆನ್ನಾಗಿ ಹಾಡುವವನಿಗೆ ಒಳಗೆ ಏನಿತ್ತು? ಕೇಳಿದವರು ಯಾರು?

ಈಗ ತಿರುಗಿಸಿ ನೋಡಿ. ಮೇಲಿನ ಗಂಡು, ಕೆಳಗಿನ ಹೆಣ್ಣು. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಬಂತು. ಅಗ್ರಹಾರದ ಪೊಳ್ಳುತನ ಬಯಲಿಗೆಳೆದ ಕಾದಂಬರಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಅದರಲ್ಲಿ ಚಂದ್ರಿ ಇದ್ದಾಳೆ, ಹೊಲಗೇರಿಯ ಬೆಳ್ಳಿ ಇದ್ದಾಳೆ. ಇಬ್ಬರೂ ಸುಂದರಿಯರು. ಬತ್ತಿಹೋದ ಬ್ರಾಹ್ಮಣ ಹೆಂಗಸರ ಎದುರಿಗೆ ಇವರು ತುಂಬಿದ ಮೈಯವರು, ಮಣ್ಣಿನ ಹಾಗೆ, ಮಳೆಯ ಹಾಗೆ. ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಮೇಲೆ ಪ್ರಾಣೇಶಾಚಾರ್ಯರಿಗೆ ಇಡೀ ಲೋಕವೇ ಪ್ರಶ್ನೆಯಾಗುತ್ತದೆ. ಅವರ ಒಳಗಿನ ತಳಮಳಕ್ಕೆ ಪುಟಗಟ್ಟಲೆ ಜಾಗ ಇದೆ. ಚಂದ್ರಿ ಕತೆಯಿಂದ ಎದ್ದು ಹೋಗುತ್ತಾಳೆ. ಬೆಳ್ಳಿಯ ತಳಮಳ? ಅವಳಿಗೆ ಆ ಶ್ರೀಪತಿ ಬೇಕಾಗಿದ್ದನೋ ಇಲ್ಲವೋ? ಅವಳ ಕೇರಿಯಲ್ಲಿ ಪ್ಲೇಗಿಗೆ ಜನ ಸಾಯುತ್ತಿದ್ದಾಗ ಅವಳ ತಲೆಯಲ್ಲಿ ಏನು ಓಡುತ್ತಿತ್ತು? ಆಚಾರ್ಯರ ಬಿಡುಗಡೆಗೆ ನಮ್ಮ ಹೆಣ್ಣಿನ ಮೈ ಮೆಟ್ಟಿಲಾಯಿತು. ಮೆಟ್ಟಿಲಿಗೆ ಯಾರಾದರೂ ‘ನಿನಗೆ ಹೇಗನ್ನಿಸಿತು’ ಎಂದು ಕೇಳುತ್ತಾರೆಯೇ?

ಎರಡನ್ನೂ ಪಕ್ಕಪಕ್ಕ ಇಡಿ. ಕೆಳಗಿನ ಗಂಡು ಕುರೂಪಿ, ಕೆಳಗಿನ ಹೆಣ್ಣು ಸುಂದರಿ. ಎರಡು ಕಡೆಯೂ ಆಸೆಪಡುವ ಹಕ್ಕು ಮೇಲಿನವರದು. ಕೆಳಗಿನವರು ಆಸೆಗೆ ವಸ್ತು, ಆಸೆಯ ಒಡೆಯರಲ್ಲ. ಜಮೀನಿನಲ್ಲಿ ಆದದ್ದೇ ಸಾಹಿತ್ಯದಲ್ಲೂ ಆಗಿದೆ. ಉಳುವವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು.

ಬರೆಯಲು ಹೊರಟ ಹೆಣ್ಣಿಗೆ ಏನಾಯಿತು ಎಂಬುದಕ್ಕೂ ಸಾಕ್ಷಿ ನಮ್ಮ ಬೆಂಗಳೂರಿನಲ್ಲೇ ಇದೆ. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ಹದಿನೆಂಟನೇ ಶತಮಾನದಲ್ಲಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದಳು. ಹೆಣ್ಣು ತನ್ನ ಆಸೆಯನ್ನು ತಾನೇ ಹೇಳಿಕೊಳ್ಳುವ ಕಾವ್ಯ. ನಂಜನಗೂಡಿನಲ್ಲಿ ಹುಟ್ಟಿದ, ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಮರುವರ್ಷವೇ ಬ್ರಿಟಿಷ್ ಸರಕಾರ ಅಶ್ಲೀಲ ಎಂದು ಅದನ್ನು ಮುಟ್ಟುಗೋಲು ಹಾಕಿತು. ಗಂಡಸರು ಬರೆದ ಅಂಥವೇ ಶೃಂಗಾರ ಕಾವ್ಯಗಳು ಪಂಡಿತರ ಮನೆಯ ಕಪಾಟಿನಲ್ಲಿ ಸುಖವಾಗಿದ್ದವು. ಸುಧಾರಕ ವೀರೇಶಲಿಂಗಂ ಪಂತುಲು ಅವರಿಗೂ ಮುದ್ದುಪಳನಿ ನಾಚಿಕೆಗೆಟ್ಟವಳಾಗಿ ಕಂಡಳು. ನಾಚಿಕೆ ಹೆಣ್ಣಿಗೆ ಮಾತ್ರವೋ ಎಂದು ನಾಗರತ್ನಮ್ಮ ಅವತ್ತೇ ಕೇಳಿದರು. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ.

ಪ್ರಗತಿಶೀಲರ ಕಾಲದಲ್ಲಿ ಅನಕೃ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದರು. ಸೂಳೆಗಾರಿಕೆಯ ಒಳಗನ್ನು ತೋರಿಸಿದ್ದಕ್ಕೆ ಮಡಿವಂತರು ಅವರ ಮೇಲೆ ಮುಗಿಬಿದ್ದರು. ಅವರು ಹೆದರದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಒಪ್ಪೋಣ, ಗಟ್ಟಿ ಎದೆ. ಆದರೆ ಅಲ್ಲಿಯೂ ಹೆಣ್ಣು ಕನಿಕರಕ್ಕೆ ಪಾತ್ರಳು, ಸುಧಾರಣೆಗೆ ಪಾತ್ರಳು. ಆಮೇಲೆ ವೀಣಾ ಶಾಂತೇಶ್ವರರಂಥ ಲೇಖಕಿಯರು ಬಂದು, ಓದಿದ ಹೆಣ್ಣು ತನ್ನ ಮೈಮನಸ್ಸಿನ ಲೆಕ್ಕ ತಾನೇ ಬರೆಯುವ ದಾರಿ ಮಾಡಿದರು. ಆ ದಾರಿ ನಮ್ಮ ಕೇರಿಯವರೆಗೆ ಬಂದಿಲ್ಲ. ಟಾರು ರಸ್ತೆ ಊರಬಾಗಿಲಿಗೇ ನಿಲ್ಲುವ ಹಾಗೆ ಅಲ್ಲೇ ನಿಂತಿದೆ.

*

ಎರಡನೇ ಮಾತು ನಮ್ಮ ಬಗ್ಗೆಯೇ.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದರೆ ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ನಡೆಯಿತು. ‘ಇದು ಸಾಹಿತ್ಯವೇ ಅಲ್ಲ’ ಎಂದು ಅವರು ಅಂದದ್ದಕ್ಕೆ ಹುಟ್ಟಿದ ಸಂಘಟನೆ ನಮ್ಮದು. ಅದಕ್ಕೂ ಮೊದಲು, 1973ರಲ್ಲಿ, ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಊರೂರಲ್ಲಿ ನಮ್ಮ ಹುಡುಗರು ಏಟು ತಿಂದರು. ‘ಇದು ನಿಮ್ಮ ವಿಷಯ ಅಲ್ಲ, ನೀವು ಮಾತಾಡಬೇಡಿ’ ಎಂಬ ಮಾತಿನ ರುಚಿ ನಮಗೆ ಗೊತ್ತು. ಇವತ್ತು ಒಬ್ಬ ಗಾರ್ಮೆಂಟ್ಸ್ ಹೆಣ್ಣಿಗೆ ನಾವೇ ಆ ಮಾತು ಹೇಳುವುದು ಅಂದರೆ ಏನರ್ಥ? ಗೋಷ್ಠಿ ಕೊಡದವರ ಕುರ್ಚಿಯಲ್ಲಿ ಈಗ ನಾವು ಕೂತಿದ್ದೇವೆ ಎಂದಲ್ಲವೇ?

ನಮ್ಮ ಹಿರಿಯರು ಈ ವಸ್ತುವಿನಿಂದ ದೂರ ಉಳಿದದ್ದಕ್ಕೆ ಒಂದು ಬಲವಾದ ಕಾರಣ ಇದೆ. ಅದನ್ನು ಮರೆಮಾಚಿ ವಾದ ಮಾಡುವುದು ನ್ಯಾಯವಲ್ಲ. ನಮ್ಮ ಹೆಣ್ಣುಮಕ್ಕಳ ಮೈ ಎಂದರೆ ಗೌಡನ ಗದ್ದೆಯ ಹಾಗೆ, ಯಾರು ಬೇಕಾದರೂ ಕಾಲಿಡಬಹುದು ಎಂದು ನಂಬಿದ್ದ ಊರುಗಳಿವು. ಮಾಡಬಾರದ್ದು ಮಾಡಿ ‘ಅವರೇ ಅಂಥೋರು, ಸಡಿಲ’ ಎಂದವರು ಈ ಊರವರು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಊರಿಗೆಲ್ಲ ಹೆಂಡತಿ ಮಾಡಿದ್ದು ಹೆಚ್ಚಾಗಿ ನಮ್ಮ ಮಕ್ಕಳನ್ನೇ. ಅದನ್ನು ತಡೆಯಲು 1982ರಲ್ಲಿ ಕರ್ನಾಟಕ ಸರಕಾರ ಕಾಯಿದೆ ತರಬೇಕಾಯಿತು. ಇಂಥ ಕಡೆ ‘ನಮ್ಮ ಹೆಣ್ಣುಮಕ್ಕಳಿಗೂ ಮಾನ ಇದೆ’ ಎಂದು ಹೇಳುವುದೇ ಒಂದು ಬಂಡಾಯವಾಗಿತ್ತು. ಅದಕ್ಕೇ ನಮ್ಮ ಕತೆಗಳಲ್ಲಿ ಹೆಣ್ಣು ಅಂದರೆ ಅತ್ಯಾಚಾರಕ್ಕೆ ಒಳಗಾದವಳು, ಇಲ್ಲವೇ ಸೆರಗು ಬಿಗಿದು ದುಡಿಯುವ ತಾಯಿ. ಮೂರನೆಯವಳು ಇಲ್ಲ.

ಆ ಕಾಲಕ್ಕೆ ಅದು ಬೇಕಿತ್ತು. ಆದರೆ ಮಾನ ಎಂಬ ಪದವನ್ನು ನಾವು ಯಾರಿಂದ ಸಾಲ ತಂದೆವು? ಹೆಣ್ಣು ಬಾಯಿ ಮುಚ್ಚಿಕೊಂಡಿದ್ದರೆ ಮಾನ, ಆಸೆ ಹೇಳಿಕೊಂಡರೆ ಮಾನಗೇಡು ಎಂಬ ಲೆಕ್ಕ ಅಗ್ರಹಾರದ್ದು. ಮನುವಿನ ಪುಸ್ತಕ ಸುಟ್ಟು ಬಂದವರು ಮನುವಿನ ಮಾಪು ಮಾತ್ರ ಮನೆಯಲ್ಲಿಟ್ಟುಕೊಂಡರೆ ಹೇಗೆ? ಅತ್ಯಾಚಾರಕ್ಕೂ ಆಸೆಗೂ ಇರುವ ಗೆರೆಯೇ ಒಪ್ಪಿಗೆ. ‘ಬೇಕು’ ಎನ್ನುವ ಹಕ್ಕು ಇಲ್ಲದವಳ ‘ಬೇಡ’ಕ್ಕೂ ಬೆಲೆ ಇರುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಆಸೆಯೇ ಇಲ್ಲ ಎಂದು ನಾವು ಸಾಧಿಸಲು ಹೊರಟರೆ, ಅವರ ‘ಬೇಡ’ ಎಂಬ ಕೂಗನ್ನೂ ನಾವೇ ಮೆತ್ತಗೆ ಮಾಡುತ್ತೇವೆ.

ನಮ್ಮಲ್ಲೂ ದಾರಿ ತೋರಿಸಿದವರು ಇದ್ದಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು. ಮೇಲ್ಜಾತಿಯ ಕುಸುಮ, ಹೊಲಗೇರಿಯ ಚೆನ್ನ. ಅವರ ಕೂಡಿಕೆಗೆ ಮಗು ಹುಟ್ಟುತ್ತದೆ, ಚೆನ್ನನ ಕೊಲೆಯಾಗುತ್ತದೆ. ಅಲ್ಲಿ ಚೆನ್ನ ಅಷ್ಟಾವಂಕ ಅಲ್ಲ. ಅವನನ್ನು ಬಯಸಿದ್ದು ಕುಸುಮಳ ರೋಗವೂ ಅಲ್ಲ. ರಾತ್ರಿ ಹೊತ್ತು ಮನೆಮನೆಯ ಜೋತಮ್ಮಗಳು ಒಂದು ಕಡೆ ಸೇರಿ ಕಂಡದ್ದನ್ನು ಮಾತಾಡಿಕೊಳ್ಳುತ್ತವೆ. ಮುಚ್ಚಿದ ಬಾಗಿಲ ಒಳಗಿನದನ್ನು ಕೇರಿಯ ಮಾತಿನಲ್ಲಿ ಹೇಳಿದರೆ ಅದು ಕೊಳಕಾಗುವುದಿಲ್ಲ ಎಂದು ತೋರಿಸಿದ ಪುಸ್ತಕ ಅದು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಾವೆಲ್ಲ ಕುಣಿದೆವು. ಕುಣಿದವರು ಆ ದಾರಿಯಲ್ಲಿ ನಡೆದೆವಾ? ಇದೇ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದ ಡಿ.ಆರ್. ನಾಗರಾಜ್, ಬಂಡಾಯ ಸಂಘಟನೆ ಕಟ್ಟಿದವರಲ್ಲಿ ಒಬ್ಬರು, 1998ರಲ್ಲಿ ತೀರಿಕೊಳ್ಳುವ ತನಕ ಹೇಳುತ್ತಲೇ ಬಂದರು: ಬರೀ ಸಿಟ್ಟು, ಬರೀ ನೋವು ಇಷ್ಟರಿಂದಲೇ ಒಂದು ಜನಾಂಗ ತನ್ನನ್ನು ಕಟ್ಟಿಕೊಳ್ಳಲಾರದು, ತನ್ನ ನೆನಪುಗಳು, ತನ್ನ ದೇವರುಗಳು, ತನ್ನ ಕತೆಗಳು ಎಲ್ಲವೂ ಬೇಕು ಎಂದು. ಆಸೆಯೂ ಆ ಪಟ್ಟಿಗೆ ಸೇರುತ್ತದೆ ಎಂಬುದು ನನ್ನ ವಾದ.

*

‘ಇದು ನಮ್ಮ ಹೋರಾಟದ ವಸ್ತು ಅಲ್ಲ’ ಅನ್ನುವವರಿಗೆ ಬಾಬಾಸಾಹೇಬರನ್ನೇ ಮುಂದೆ ನಿಲ್ಲಿಸುತ್ತೇನೆ.

1916ರ ಮೇ ತಿಂಗಳಲ್ಲಿ, 25 ವರ್ಷದ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಜಾತಿಯ ಬೇರು ಎಲ್ಲಿದೆ ಎಂದು ಹುಡುಕುತ್ತ ಅವರು ಹೋಗಿ ಮುಟ್ಟಿದ್ದು ಎಲ್ಲಿಗೆ? ಸ್ವಜಾತಿ ಮದುವೆಗೆ. ಯಾರು ಯಾರನ್ನು ಕೂಡಬಹುದು, ಯಾರು ಯಾರನ್ನು ಕೂಡಬಾರದು ಎಂಬ ಕಾವಲಿಗೆ. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವು ಮೂರೂ ಆ ಕಾವಲಿನ ಆಯುಧಗಳು ಎಂದರು. ಗಂಡ ಸತ್ತ ಹೆಣ್ಣಿನ ಆಸೆ ಜಾತಿಯ ಗೋಡೆಗೆ ಗಂಡಾಂತರ, ಅದಕ್ಕೇ ಅವಳನ್ನು ಸುಡಬೇಕು ಇಲ್ಲವೇ ತಲೆ ಬೋಳಿಸಿ ಮೂಲೆಗೆ ಕೂರಿಸಬೇಕು. 1936ರಲ್ಲಿ ‘ಜಾತಿ ವಿನಾಶ’ ಬರೆದಾಗಲೂ ಸಹಭೋಜನ ಸಾಲದು, ರಕ್ತ ಬೆರೆಯಬೇಕು ಎಂದೇ ಹೇಳಿದರು. ಅಂದಮೇಲೆ ಆಸೆಯ ಕತೆ ಜಾತಿಯ ಕತೆ ಅಲ್ಲ ಎಂದು ಹೇಳುವವರು ಅಂಬೇಡ್ಕರರ ಫೋಟೋಕ್ಕೆ ಹಾರ ಹಾಕಿದ್ದಾರೆ, ಪುಸ್ತಕ ತೆರೆದಿಲ್ಲ.

ಇನ್ನೊಂದು ಸಂಗತಿ. ನಮ್ಮ ಜಯಂತಿ ಭಾಷಣಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ರಘುನಾಥ ಧೋಂಡೊ ಕರ್ವೆ ಎಂಬ ಮರಾಠಿ ಚಿಂತಕರು 1927ರಿಂದ ‘ಸಮಾಜ ಸ್ವಾಸ್ಥ್ಯ’ ಎಂಬ ಪತ್ರಿಕೆ ನಡೆಸುತ್ತಿದ್ದರು. ಓದುಗರು ಮೈಯ ಬಗ್ಗೆ, ಕಾಮದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಮುಲಾಜಿಲ್ಲದೆ ಉತ್ತರ ಕೊಡುತ್ತಿದ್ದರು. ಅದರಲ್ಲಿ ಗಂಡು ಗಂಡನ್ನು ಬಯಸುವ ಮಾತೂ ಬರುತ್ತಿತ್ತು. ಮಡಿವಂತರು ಅಶ್ಲೀಲದ ಕೇಸು ಹಾಕಿಸಿದರು. 1934ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಕರ್ವೆ ಪರವಾಗಿ ಕಪ್ಪು ಕೋಟು ಹಾಕಿ ನಿಂತ ವಕೀಲರು ಡಾ. ಅಂಬೇಡ್ಕರ್. ಜನ ಇಂಥ ಪ್ರಶ್ನೆ ಕೇಳುವುದು ತಪ್ಪಲ್ಲ, ಅವಕ್ಕೆ ಅರಿವಿನ ಉತ್ತರ ಕೊಡುವುದು ಅಶ್ಲೀಲವಲ್ಲ ಎಂದು ವಾದ ಮಾಡಿದರು. ಕೇಸು ಸೋತರು. ಕರ್ವೆಗೆ ದಂಡ ಬಿತ್ತು. ಮಹಾಡ್ ಕೆರೆ ಆಗಿತ್ತು, ಕಾಳಾರಾಮ ದೇವಸ್ಥಾನದ ಹೋರಾಟ ನಡೆಯುತ್ತಿತ್ತು, ಪುಣೆ ಒಪ್ಪಂದದ ಗಾಯ ಇನ್ನೂ ಹಸಿಯಾಗಿತ್ತು. ಅಷ್ಟು ಕೆಲಸದ ನಡುವೆ ಆ ಮನುಷ್ಯ ‘ಇದು ನಮ್ಮ ಹೋರಾಟದ ವಸ್ತು ಅಲ್ಲ’ ಎಂದು ಕರ್ವೆಯನ್ನು ವಾಪಸ್ಸು ಕಳಿಸಲಿಲ್ಲ. ಒಂದು ಸಣ್ಣಕತೆ ಅಚ್ಚು ಹಾಕಲು ನಮಗೇಕೆ ಇಷ್ಟು ನಡುಕ?

ಇನ್ನೂ ಹಿಂದೆ ಹೋಗಿ. ಕಲ್ಯಾಣ ಹೊತ್ತಿ ಉರಿದದ್ದು ಯಾವುದಕ್ಕೆ? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಗೆ. ವಚನ ಹಾಡುವ ತನಕ ಬಿಜ್ಜಳನ ಆಸ್ಥಾನ ತಡೆದುಕೊಂಡಿತು. ಎರಡು ಮೈ ಕೂಡುತ್ತವೆ ಅಂದಾಗ ಆನೆ ಕಾಲಿಗೆ ಕಟ್ಟಿಸಿತು. ಅದೇ ಕಲ್ಯಾಣದಲ್ಲಿ ಸೂಳೆ ಸಂಕವ್ವೆ ಇದ್ದಳು. ಅವಳದು ಸಿಕ್ಕಿರುವುದು ಒಂದೇ ವಚನ. ತನ್ನ ದೇವರನ್ನು ಅವಳು ಕರೆದ ಹೆಸರು ನಿರ್ಲಜ್ಜೇಶ್ವರ. ಕಸುಬು ಮುಚ್ಚಿಡದೆ, ಹೆಸರು ಮರೆಸದೆ, ಲಜ್ಜೆಯಿಲ್ಲದ ದೇವರ ಮುಂದೆ ತಲೆ ಎತ್ತಿ ನಿಂತವಳು ನಮ್ಮ ಅಜ್ಜಿ. ನಾವು ಅವಳ ಮೊಮ್ಮಕ್ಕಳೋ, ವೀರೇಶಲಿಂಗಂ ಪಂತುಲು ಅವರ ಶಿಷ್ಯರೋ?

*

‘ಬೆಂಗಳೂರಿನ ದೊಡ್ಡೋರ ಖಾಯಿಲೆ’ ಎಂಬ ಮಾತಿಗೆ ಬರೋಣ.

2013ರಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂತು. ಗಂಡಸನ್ನು ಪ್ರೀತಿಸುವ ಗಂಡಸಿನ ಕತೆಗಳು. ‘ನಾನೂ ಹೀಗೇ’ ಎಂದು ಲೇಖಕರು ಜನರ ಮುಂದೆ ಹೇಳಿಕೊಂಡರು. ಕನ್ನಡದಲ್ಲಿ ಹೆಸರಾದ ಲೇಖಕನೊಬ್ಬ ಹೀಗೆ ಎದ್ದು ನಿಂತದ್ದು ಅದೇ ಮೊದಲು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನೇ ಸೆಕ್ಷನ್ನನ್ನು ಎತ್ತಿಹಿಡಿಯಿತು. 1860ರಲ್ಲಿ ಬಿಳಿಯರು ಬರೆದಿಟ್ಟ ಆ ಕಾನೂನಿನ ಪ್ರಕಾರ ಮೋಹನಸ್ವಾಮಿ ಅಪರಾಧಿ. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದಿತು. ಐದು ವರ್ಷ ಒಂದು ಕಥಾಸಂಕಲನ ಕಾನೂನಿಗಿಂತ ಮುಂದೆ ನಡೆದಿತ್ತು. ಸಾಹಿತ್ಯದ ಕೆಲಸ ಅದೇ ಅಲ್ಲವೇ?

ನಮ್ಮ ಕೆಲವರು ‘ಅದು ಸಾಫ್ಟ್‌ವೇರ್‌ನೋರ ಕತೆ ಬಿಡ್ರಿ’ ಎನ್ನುತ್ತಾರೆ. ಹೌದು, ಮೋಹನಸ್ವಾಮಿಗೆ ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಸಿಕ್ಕುತ್ತದೆ, ಬಾಗಿಲಿಗೆ ಚಿಲಕ ಇದೆ, ಬ್ಯಾಂಕಿನಲ್ಲಿ ಸಂಬಳ ಇದೆ. ಅಷ್ಟಿದ್ದೂ ಅವನು ಅಷ್ಟು ನೋಯುತ್ತಾನೆ. ಚಿಲಕವೇ ಇಲ್ಲದ ಮನೆಯವನ ಗತಿ ಏನು? ಹತ್ತಡಿ ಕೋಣೆಯಲ್ಲಿ ಆರು ಜನ ಮಲಗುವ ಕಡೆ ಆಸೆ ಎಲ್ಲಿ ಅಡಗಿಕೊಳ್ಳಬೇಕು? ಪವರ್‌ಲೂಮ್ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ, ನೆಲಮಂಗಲದ ಹೆದ್ದಾರಿಯಲ್ಲಿ ಲಾರಿಯೊಳಗೇ ಮಲಗುವ ಕ್ಲೀನರು, ದೇವನಹಳ್ಳಿಯ ದ್ರಾಕ್ಷಿ ತೋಟದ ಕೂಲಿ, ಇವರಲ್ಲಿ ಮೋಹನಸ್ವಾಮಿಗಳು ಇಲ್ಲವೇ? ಆಸೆ ದೊಡ್ಡವರ ಖಾಯಿಲೆ ಅಲ್ಲ. ಅದನ್ನು ಬರೆಯಲು ಬೇಕಾದ ಕೋಣೆ, ಬಿಡುವು, ಧೈರ್ಯ ದೊಡ್ಡವರ ಹತ್ತಿರ ಇದೆ, ಅಷ್ಟೆ. ವಸುಧೇಂದ್ರ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ನಮ್ಮ ಪಾಲಿನದು ಬಾಕಿ ಇದೆ.

ಖಾಕಿಯವರ ಕೈಗೆ ಮೊದಲು ಸಿಕ್ಕುವುದೂ ಚಿಲಕ ಇಲ್ಲದವರೇ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಸೆಕ್ಷನ್ ಸೇರಿಸಿ, ಹಿಜಡಾಗಳ ಹೆಸರು ವಿಳಾಸಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ನೂರನಲವತ್ತು ವರ್ಷ ಹಿಂದೆ, 1871ರಲ್ಲಿ, ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಾಗ ಅಲೆಮಾರಿಗಳನ್ನೂ ಹಿಜಡಾಗಳನ್ನೂ ಒಂದೇ ಕಾಯಿದೆಯಲ್ಲಿ ಕಟ್ಟಿಹಾಕಿದ್ದರು. ಅಂದರೆ ನಮ್ಮ ಅಲೆಮಾರಿ ತಮ್ಮಂದಿರ ಹೆಸರು ಬರೆದುಕೊಂಡ ಲೇಖನಿಯೇ ಇವರ ಹೆಸರನ್ನೂ ಬರೆದುಕೊಂಡಿತ್ತು. ಶತ್ರು ನಮ್ಮನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದ್ದಾನೆ. ನಾವು ಮಾತ್ರ ‘ಅವರು ಬೇರೆ, ನಾವು ಬೇರೆ’ ಅನ್ನುತ್ತ ಕೂತಿದ್ದೇವೆ. ಆ ಸಮುದಾಯದವರು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ 36ಎಯಲ್ಲಿನ ಆ ಪದ ಹೋಯಿತು. ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು, ಅದು ರಂಗಕ್ಕೂ ಬಂತು. ಜೋಗತಿ ಮಂಜಮ್ಮ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಅವರು ಬಾಗಿಲು ಒದ್ದು ಒಳಗೆ ಬಂದಿದ್ದಾರೆ. ನಮ್ಮ ಪತ್ರಿಕೆಗಳ ಬಾಗಿಲು ಯಾಕೆ ಇನ್ನೂ ಅರೆ ತೆರೆದಿದೆ?

ಊರಿನ ಬೂಟಾಟಿಕೆ ನೋಡಬೇಕಾದರೆ ಕರಗದ ರಾತ್ರಿ ನೋಡಿ. ಬೆಂಗಳೂರು, ಹೊಸಕೋಟೆ ಸೀಮೆಯಲ್ಲಿ ಕರಗ ಹೊರುವ ಗಂಡಸು ಸೀರೆಯುಟ್ಟು, ಬಳೆ ತೊಟ್ಟು, ಮಲ್ಲಿಗೆಯಲ್ಲಿ ಮುಚ್ಚಿಹೋಗಿ ಬೀದಿಗೆ ಇಳಿಯುತ್ತಾನೆ. ಊರಿಗೆ ಊರೇ ಕೈ ಮುಗಿಯುತ್ತದೆ. ಅದು ದ್ರೌಪದಮ್ಮನ ಸೇವೆ, ಅದನ್ನು ಬೇರೆ ಅರ್ಥಕ್ಕೆ ಎಳೆಯುವುದಿಲ್ಲ. ಆದರೆ ಸೀರೆಯುಟ್ಟ ಗಂಡುಮೈಗೆ ಆ ರಾತ್ರಿ ಕೈ ಮುಗಿದವನು, ಮಾರನೆ ದಿನ ಟೋಲ್ ಹತ್ತಿರ ಕೈ ಚಾಚಿದ ಹಿಜಡಾಗೆ ಬಾಯಿಗೆ ಬಂದದ್ದು ಬೈಯುತ್ತಾನಲ್ಲ, ಅವನಿಗೆ ಅಸಹ್ಯವಾಗುವುದು ಸೀರೆಯಿಂದಲ್ಲ. ದೇವಸ್ಥಾನದ ಅಪ್ಪಣೆ ಇಲ್ಲದೆ ಅವಳು ಬದುಕುತ್ತಿದ್ದಾಳೆ ಎಂಬುದರಿಂದ.

ಇನ್ನು ಇದು ಬರೀ ಸಾಹಿತ್ಯದ ಜಗಳ ಎಂದು ಯಾರೂ ತಿಳಿಯಬಾರದು. 2023ರ ಅಕ್ಟೋಬರಿನಲ್ಲಿ ದೇವನಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ, ಬೇರೆ ಜಾತಿಯವನನ್ನು ಪ್ರೀತಿಸಿದಳೆಂದು ತಂದೆಯೇ ಮಗಳನ್ನು ಕೊಂದ. ವಿಮಾನ ನಿಲ್ದಾಣ ಬಂದು 15 ವರ್ಷ ಆಗಿದ್ದ ತಾಲ್ಲೂಕು ಅದು. ಮೇಲೆ ವಿಮಾನ ಹಾರಿತು, ಕೆಳಗೆ ಮನುಧರ್ಮ ಕತ್ತಿ ಮಸೆಯಿತು. ಗಂಡುಹೆಣ್ಣಿನ ಆಸೆಗೇ ಈ ಗತಿ. ಗಾರ್ಮೆಂಟ್ಸ್ ಹೆಂಗಸರಿಬ್ಬರ ಆಸೆಗೆ, ಅದೂ ಜಾತಿ ದಾಟಿದ ಆಸೆಗೆ, ಎಷ್ಟು ಕತ್ತಿಗಳು ಕಾಯುತ್ತಿರಬೇಡ? ಕತೆ ಬರೆದಾಕೆ ಹೆಸರು ಹಾಕಬೇಡಿ ಅಂದದ್ದು ಸುಮ್ಮನೆ ಅಲ್ಲ.

ಅದೇ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ರೈತರು ಮೂರು ವರ್ಷಕ್ಕೂ ಮೇಲೆ ಕೂತು ಹೋರಾಡಿದರು. 2025ರ ಜುಲೈನಲ್ಲಿ ಸರಕಾರ 1,777 ಎಕರೆಯ ಭೂಸ್ವಾಧೀನ ಕೈಬಿಟ್ಟಿತು. ಆ ಧರಣಿಯಲ್ಲಿ ಹೆಂಗಸರು ಗಂಡಸರ ಸಮಕ್ಕೆ ಕೂತಿದ್ದರು. ‘ಭೂಮಿ ನಮ್ಮದು’ ಎನ್ನಲು ಬಂದ ಬಾಯಿಗೆ ‘ಮೈ ನಮ್ಮದು’ ಎನ್ನಲು ಯಾಕೆ ಬರಬಾರದು? ಎರಡೂ ಒಂದೇ ವ್ಯಾಕರಣದ ವಾಕ್ಯ.

*

ಕೊನೆಗೆ ಕೆಲವು ನೇರ ಮಾತು. ಆಸೆಯ ಹೆಸರಿನಲ್ಲಿ ಬಂದದ್ದನ್ನೆಲ್ಲ ಅಚ್ಚು ಹಾಕಿ ಎಂದು ನಾನು ಹೇಳುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ಪಿನ್ನು ಹೊಡೆದು ಮಾರುತ್ತಿದ್ದ ಪುಸ್ತಕಗಳೂ, ಈಗ ಮೊಬೈಲಿನಲ್ಲಿ ಹರಿಯುವ ಕಸವೂ ಹೆಣ್ಣಿನ ಮೈಯನ್ನು ಕೆಜಿ ಲೆಕ್ಕದಲ್ಲಿ ಮಾರುತ್ತವೆ. ಅವುಗಳಲ್ಲಿ ಹೆಣ್ಣಿಗೆ ಹೆಸರಿಲ್ಲ, ಕೆಲಸವಿಲ್ಲ, ಜಾತಿ ಇದ್ದರೆ ಬೈಗುಳಕ್ಕೆ ಮಾತ್ರ. ಅಲ್ಲಿಯೂ ಅವಳು ವಸ್ತುವೇ. ಅಗ್ರಹಾರದ ಕಾದಂಬರಿಯ ಮೆಟ್ಟಿಲಿಗೂ ಈ ಸರಕಿಗೂ ಆ ಮಟ್ಟಿಗೆ ನೆಂಟಸ್ತಿಕೆ ಇದೆ. ಅದಕ್ಕೇ ನಮ್ಮ ಪತ್ರಿಕೆಗಳ ಮುಂದೆ ಈ ಹಕ್ಕೊತ್ತಾಯ ಇಡುತ್ತೇನೆ.

ಒಂದು: ವಯಸ್ಸಿಗೆ ಬಂದವರು, ಒಪ್ಪಿಗೆ ಇದ್ದವರು. ಈ ಎರಡು ಗೆರೆ ದಾಟಿದ್ದು ಆಸೆಯ ಕತೆ ಅಲ್ಲ, ದೌರ್ಜನ್ಯದ ಕತೆ. ಅದನ್ನು ದೌರ್ಜನ್ಯ ಎಂದೇ ಬರೆಯಬೇಕು.

ಎರಡು: ನಮ್ಮ ಹೆಣ್ಣು, ನಮ್ಮ ಗಂಡು, ನಮ್ಮ ಹಿಜಡಾ ಯಾರದೋ ಬಿಡುಗಡೆಗೆ ಪ್ರತಿಮೆಯಾಗುವ ಕತೆ ಇನ್ನು ಸಾಕು. ಆಸೆಪಡುವವರು ಅವರೇ ಆಗಿರಲಿ. ಅವರ ಕೈಯ ಕೆಲಸ, ತಿಂಗಳ ಸಂಬಳ, ಮನೆಯ ಬಾಡಿಗೆ, ಮಲಗುವ ಜಾಗ ಕತೆಯಲ್ಲಿ ಇರಲಿ. ಸಂಬಳದ ಕತೆ ಬೇರೆ, ಆಸೆಯ ಕತೆ ಬೇರೆ ಎಂಬುದೇ ಸುಳ್ಳು. ಆ ಹೆಣ್ಣುಮಗಳ ಕತೆಯಲ್ಲಿ ಬೆರಳಿಗೆ ಸೂಜಿ ಹೊಕ್ಕದ್ದು ಯಾಕೆ? ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನ ಒತ್ತಡಕ್ಕೆ. ಅವಳು ಕಾರ್ಮಿಕರ ಕತೆಯನ್ನೇ ಬರೆದಿದ್ದಾಳೆ. ಸಂಪಾದಕರು ಅರ್ಧ ಓದಿ ಬೆಚ್ಚಿದ್ದಾರೆ.

ಮೂರು: ಹೆಸರಿಲ್ಲದೆ ಬರೆಯುವವರನ್ನು ಹೇಡಿ ಎನ್ನಬೇಡಿ. ಹೆಸರು ಹಾಕಿದರೆ ಮನೆಗೆ ಕಲ್ಲು ಬೀಳುವ ಊರಿನಲ್ಲಿ ಹೆಸರು ಕಾಪಾಡುವುದು ಪತ್ರಿಕೆಯ ಕರ್ತವ್ಯ. ಜೊತೆಗೆ ನಿಲ್ಲುವುದು ಸಂಘಟನೆಯ ಕರ್ತವ್ಯ.

ನಾಲ್ಕು: ‘ಮೊದಲು ಹೊಟ್ಟೆ, ಆಮೇಲೆ ಅದೆಲ್ಲ’ ಎಂಬ ಮಾತು ನಿಲ್ಲಲಿ. ಆಮೇಲೆ ಎಂಬುದು ಯಾವತ್ತೂ ಬರುವುದಿಲ್ಲ. ನಮ್ಮ ಅಜ್ಜಂದಿರಿಗೂ ಧಣಿಗಳು ಹೀಗೇ ಹೇಳುತ್ತಿದ್ದರು: ಮೊದಲು ಕೆಲಸ, ಆಮೇಲೆ ಓದು. ಹಸಿವನ್ನೂ ಆಸೆಯನ್ನೂ ಬೇರೆ ಮಾಡಿ ಇಡುವಷ್ಟು ದೊಡ್ಡ ಮನೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಎರಡೂ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದಿವೆ.

ಈ ಬರಹಕ್ಕೆ ಉತ್ತರ ಬರಲಿ. ಅನಂತಮೂರ್ತಿಯವರಿಗೆ ಅನ್ಯಾಯ ಮಾಡಿದ್ದೇನೆ ಅನ್ನುವವರು ಬರೆಯಲಿ. ಚಳವಳಿ ಹಾಳಾಗುತ್ತಿದೆ ಅನ್ನುವವರೂ ಬರೆಯಲಿ. ಬೈದಾದರೂ ಬರೆಯಿರಿ, ಆದರೆ ಆ ಗಾದೆಯೊಂದನ್ನು ಮಾತ್ರ ನಮ್ಮ ಮುಂದೆ ಹಾಕಬೇಡಿ. ಹಿಟ್ಟೂ ನಮ್ಮ ಬೆವರಿನದು, ಮಲ್ಲಿಗೆಯೂ ನಮ್ಮ ಹೆಂಗಸರು ಹೊತ್ತು ಮೂಡುವ ಮೊದಲೇ ಎದ್ದು ಬಿಡಿಸಿದ್ದು. ಮುಡಿಯುವಾಗ ಮಾತ್ರ ಯಾರ ಅಪ್ಪಣೆ ಕೇಳಬೇಕು?